ಪಾಶ್ಚಾತ್ಯರ ಕನ್ನಡಿಯಲ್ಲಿ ಕರ್ಣಾಟಕ: ಹರಿಹರದ ದೇಗುಲವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

1

ಒಂದು ಜನಾಂಗವು ತನ್ನ ಸಂಸ್ಕೃತಿಯನ್ನು ತಾನೇ ನೋಡಿಕೊಳ್ಳುವ ಬಗೆ ತಾನಾಗಿ ಹುಟ್ಟಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಿಚಾರಮಾಡಿ ನೋಡಿದರೆ ಅದು ಹಾಗಲ್ಲ. ಆ ನೋಟಕ್ಕೂ ಒಂದು ಕಾಲವುಂಟು, ಕಾರಣವುಂಟು. ಎಷ್ಟೋ ವೇಳೆ ಹೊರಗಿನಿಂದ ಬಂದ ಪ್ರೇರಣೆಯೂ ಉಂಟು. ಕಳೆದ ಎರಡು ಶತಮಾನಗಳಲ್ಲಿ ಏಷ್ಯದ ಜನಾಂಗಗಳು ತಮ್ಮನ್ನು ತಾವು ಅರಿತುಕೊಳ್ಳಲು ಯತ್ನಿಸಿದಾಗ, ಅವುಗಳ ಕೈಗೆ ಮೊದಲು ಸಿಕ್ಕ ಕನ್ನಡಿ ಬಹುಮಟ್ಟಿಗೆ ಪಾಶ್ಚಾತ್ಯ ಪಂಡಿತರು ಮಾಡಿಕೊಟ್ಟದ್ದಾಗಿತ್ತು. ಆ ಕನ್ನಡಿಯಲ್ಲಿ ಕರ್ಣಾಟಕದ ಮುಖ ಹೇಗೆ ಕಂಡಿತು, ಕಂಡುದನ್ನು ನಾವು ಹೇಗೆ ನಮ್ಮದೇ ನೋಟವೆಂದು ನಂಬಿದೆವು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಷಯ ಸ್ಪಷ್ಟವಾಗಲು ಮೊದಲು ಜಪಾನಿನ ನಿದರ್ಶನವನ್ನು ಗಮನಿಸಬಹುದು. ಜಪಾನು ಪಾಶ್ಚಾತ್ಯರ ಆಳಿಕೆಗೆ ಒಳಪಟ್ಟ ದೇಶವಲ್ಲ. ಆದರೂ 1868ರ ಮೇಜಿ ಪರಿವರ್ತನೆಯ ಅನಂತರ ಅದು ತನ್ನ ಕಲೆಯನ್ನು ಕಂಡದ್ದು ಪಾಶ್ಚಾತ್ಯರ ಕಣ್ಣಿನ ನೆರವಿನಿಂದ. ಇಂದು ಜಪಾನೀಯರು ಲಲಿತಕಲೆಗೆ ಬಳಸುವ ‘ಬಿಜುತ್ಸು’ ಎಂಬ ಮಾತೇ 1873ರ ವಿಯೆನ್ನಾ ಪ್ರದರ್ಶನದ ನಿಮಿತ್ತ ಐರೋಪ್ಯ ಶಬ್ದದ ಭಾಷಾಂತರವಾಗಿ ಹುಟ್ಟಿತು. 1878ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕನಾಗಿ ಬಂದ ಅಮೆರಿಕದ ಅರ್ನೆಸ್ಟ್ ಫೆನೊಲೋಸ ಹಳೆಯ ದೇವಾಲಯಗಳನ್ನು ಸುತ್ತಿ ಅವುಗಳ ವಿಗ್ರಹಗಳನ್ನು ಕಲಾಕೃತಿಗಳೆಂದು ಪಟ್ಟಿಮಾಡಿದನು. 1884ರಲ್ಲಿ ಅವನೂ ಅವನ ಶಿಷ್ಯನಾದ ಒಕಕುರಾ ಕಕುಜೊ ಎಂಬಾತನೂ ಹೊರ್ಯುಜಿ ದೇವಾಲಯದಲ್ಲಿ ಬಹುಕಾಲದಿಂದ ಬಟ್ಟೆಯಲ್ಲಿ ಸುತ್ತಿ ಮುಚ್ಚಿಟ್ಟಿದ್ದ ಕಣ್ಣೋನ್ ವಿಗ್ರಹವನ್ನು, ಅರ್ಚಕರ ಅಳುಕನ್ನು ಲೆಕ್ಕಿಸದೆ, ತೆರೆಯಿಸಿದರು. ಕಾಣದಿರುವುದೇ ಯಾವ ವಿಗ್ರಹದ ಮಹಿಮೆಯಾಗಿತ್ತೋ ಅದು ಅಂದಿನಿಂದ ಕಾಣಲೇಬೇಕಾದ ರಾಷ್ಟ್ರದ ನಿಧಿಯಾಯಿತು. ಹೀಗೆಯೇ ನಿತೊಬೆ ಇನಾಜೊ 1900ರಲ್ಲಿ ‘ಬುಷಿದೊ’ ಎಂಬ ಗ್ರಂಥದಲ್ಲಿ ಜಪಾನಿನ ಆತ್ಮವನ್ನು ವರ್ಣಿಸಿದ್ದು ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿದ್ದಾಗ. ಆ ಆತ್ಮವರ್ಣನೆ ಜಪಾನೀ ಭಾಷೆಗೆ ಅನುವಾದವಾಗಿ ಬಂದದ್ದು 1908ರಲ್ಲಿ. ಜಪಾನಿನಲ್ಲಿ ಬಹುಕಾಲ ನೆಲೆಸಿದ್ದ ಆಂಗ್ಲ ಪಂಡಿತ ಚೇಂಬರ್‌ಲೇನ್ 1912ರಲ್ಲಿಯೇ ಇದು ಹಳೆಯ ಧರ್ಮವಲ್ಲ, ಹೊಸದಾಗಿ ಕಟ್ಟಿದ ಧರ್ಮ ಎಂಬ ವಾದವನ್ನು ಮುಂದಿಟ್ಟನು.

ಈ ಎಲ್ಲವೂ ಸುಳ್ಳೆಂದಾಗಲಿ, ಜಪಾನೀಯರು ಮೋಸಹೋದರೆಂದಾಗಲಿ ಹೇಳುವುದು ನಮ್ಮ ತಾತ್ಪರ್ಯವಲ್ಲ. ಫೆನೊಲೋಸನಂಥವರ ಶ್ರಮವಿಲ್ಲದಿದ್ದರೆ ಎಷ್ಟೋ ಕೃತಿಗಳು ಉಳಿಯುತ್ತಲೇ ಇರಲಿಲ್ಲ. ಆದರೆ ಉಳಿಸಿದ ಕೈಯೇ ಅವುಗಳ ಅರ್ಥವನ್ನೂ ಮಾರ್ಪಡಿಸಿತು ಎಂಬುದನ್ನು ಮರೆಯಲಾಗದು. ಎಡ್ವರ್ಡ್ ಸೈದ್ 1978ರಲ್ಲಿ ತನ್ನ ಪ್ರಸಿದ್ಧ ಗ್ರಂಥದಲ್ಲಿ ಪ್ರಾಚ್ಯವಾದವನ್ನು ಮುಖ್ಯವಾಗಿ ಪಶ್ಚಿಮವು ಪೂರ್ವದ ಮೇಲೆ ನಡೆಸಿದ ಅಧಿಕಾರದ ರೂಪವಾಗಿ ವಿವೇಚಿಸಿದನು. ಪೂರ್ವದವರೇ ಆ ನೋಟವನ್ನು ಒಪ್ಪಿ, ಒಗ್ಗಿಸಿಕೊಂಡು, ಅದರಿಂದಲೇ ತಮ್ಮ ಅಭಿಮಾನವನ್ನೂ ಕಟ್ಟಿಕೊಂಡದ್ದು ಇದರ ಇನ್ನೊಂದು ಮುಖ. ಇತಿಹಾಸದ ಅಧ್ಯಾಪಕರಿಗೆ ಹೆಚ್ಚು ಸಂಬಂಧಿಸಿದ್ದು ಈ ಎರಡನೆಯ ಮುಖವೇ. ಏಕೆಂದರೆ ನಾವು ತರಗತಿಯಲ್ಲಿ ಬೋಧಿಸುವುದು ಅದನ್ನೇ.

2

ಟೀಕೆಗೆ ಮೊದಲು ಋಣವನ್ನು ಹೇಳುವುದು ಧರ್ಮ. ಕರ್ಣಾಟಕದ ಇತಿಹಾಸವು ಪಾಶ್ಚಾತ್ಯ ವಿದ್ವಾಂಸರಿಗೆ ಸಲ್ಲಿಸಬೇಕಾದ ಋಣ ಸಾಮಾನ್ಯವಾದುದಲ್ಲ. ಶ್ರೀರಂಗಪಟ್ಟಣದ ಪತನದ ಅನಂತರ ಮೈಸೂರು ಸೀಮೆಯ ಮೋಜಣಿಗೆ ನೇಮಕಗೊಂಡ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ರಾಶಿ ರಾಶಿಯಾಗಿ ಕೂಡಿಸಿದನು. ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಜಾನ್ ಫೇತ್‌ಫುಲ್ ಫ್ಲೀಟನು ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಹೊರತಂದನು. ಬೆಂಗಳೂರಿನಲ್ಲಿಯೇ 1837ರಲ್ಲಿ ಜನಿಸಿದ ಬೆಂಜಮಿನ್ ಲೂಯಿ ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದರು. ಹಿಂದಿನ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಿಲಾಶಾಸನಗಳನ್ನು 1892ರಲ್ಲಿ ಕಂಡುಹಿಡಿದವರೂ ಇವರೇ. ಈ ಸಂಪುಟಗಳಿಲ್ಲದೆ ಕರ್ಣಾಟಕದ ಇತಿಹಾಸದ ಒಂದು ಪುಟವನ್ನೂ ಬರೆಯಲಾಗದು.

ಈ ಋಣದಲ್ಲಿ ದೇಶೀಯರ ಪಾಲೂ ಸೇರಿದೆ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೆಕೆಂಜಿಯ ಬೆನ್ನಿಗಿದ್ದವರು ಕಾವಲಿ ಬೋರಯ್ಯ ಮತ್ತು ಲಕ್ಷ್ಮಯ್ಯ ಸಹೋದರರು, ಹಳಗನ್ನಡ ಶಾಸನಗಳನ್ನು ಓದಬಲ್ಲ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ರೈಸರ ಕಚೇರಿಯಲ್ಲಿಯೂ ಶಾಸನಗಳನ್ನು ಓದಿ ಅರ್ಥೈಸಿದ ಪಂಡಿತರು ಹಲವರು. ಆದ್ದರಿಂದ ಪ್ರಾಚ್ಯವಿದ್ಯೆ ಎಂಬುದು ಕೇವಲ ಹೊರಗಿನವರು ನಮ್ಮ ಮೇಲೆ ಹೊರಿಸಿದ ವಿದ್ಯೆಯಲ್ಲ. ಸಾಮಗ್ರಿಯೂ ಓದಿನ ಬಲವೂ ಬಹುಮಟ್ಟಿಗೆ ಇಲ್ಲಿಯವು. ಹೊರಗಿನಿಂದ ಬಂದದ್ದು ಮುಖ್ಯವಾಗಿ ಪ್ರಶ್ನೆ: ಈ ಸಾಮಗ್ರಿಯನ್ನು ಏನೆಂದು ಕೇಳಬೇಕು, ಯಾವ ಕ್ರಮದಲ್ಲಿ ಜೋಡಿಸಬೇಕು, ಯಾವುದನ್ನು ಮೇಲೆಂದೂ ಯಾವುದನ್ನು ಕೀಳೆಂದೂ ಎಣಿಸಬೇಕು ಎಂಬುದು. ನಮ್ಮ ವಿಮರ್ಶೆಯು ಈ ಪ್ರಶ್ನೆಗಳಿಗೆ ಸಂಬಂಧಿಸಿದುದು.

3

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರುಗಳ ದಾರಿ. ಅಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನೂ ಮಂತ್ರಿಯೂ ಆದ ಪೋಲಾಳ್ವನು 1223-24ರಲ್ಲಿ ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಅದನ್ನು ವಿಸ್ತರಿಸಿದನು. ಸೋಮನಾಥಪುರದ ಸ್ಥಾಪಕನೂ ಈತನೇ. ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಈ ಸ್ಥಳವನ್ನು ಶಾಸನಗಳು ಕೂಡಲೂರು ಎಂದು ಕರೆದಿವೆ.

ಕಾಲದಿಂದಲೂ ಕಟ್ಟಿಸಿದವರ ಪದವಿಯಿಂದಲೂ ಇದು ಹೊಯ್ಸಳರ ಮುಖ್ಯ ದೇವಾಲಯಗಳಲ್ಲಿ ಒಂದು. ಆದರೂ ಕಲೆಯ ಇತಿಹಾಸಗಳಲ್ಲಿ ಇದಕ್ಕೆ ದೊರೆತಿರುವ ಸ್ಥಾನ ಬೇಲೂರು ಹಳೇಬೀಡುಗಳ ಮುಂದೆ ಅತ್ಯಲ್ಪ. 2023ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳೂ ಬೇಲೂರು, ಹಳೇಬೀಡು, ಸೋಮನಾಥಪುರಗಳವೇ. ಅವು ಆ ಗೌರವಕ್ಕೆ ತಕ್ಕವು ಎಂಬುದರಲ್ಲಿ ಎರಡು ಮಾತಿಲ್ಲ. ನಾವು ಕೇಳಬೇಕಾದದ್ದು ಬೇರೆ: ಹೊಯ್ಸಳ ದೇವಾಲಯವೆಂದೊಡನೆ ಭಿತ್ತಿಯ ತುಂಬ ಕಿಕ್ಕಿರಿದ ಶಿಲ್ಪ ಎಂಬ ಅಳತೆಗೋಲು ನಮ್ಮ ಮನಸ್ಸಿನಲ್ಲಿ ನೆಟ್ಟದ್ದು ಹೇಗೆ?

ಇದರ ಮೂಲವನ್ನು ಅರಸಿದರೆ ನಾವು ಜೇಮ್ಸ್ ಫರ್ಗುಸನ್ನನ ಬಳಿಗೆ ಹೋಗಬೇಕಾಗುತ್ತದೆ. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತ ಛಾಯಾಚಿತ್ರಗಳ ದೊಡ್ಡ ಸಂಪುಟವೊಂದು ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಇವರ ವಿವರಣೆಗಳೊಡನೆ ಪ್ರಕಟವಾಯಿತು. 1876ರಲ್ಲಿ ಫರ್ಗುಸನ್ನನ ಭಾರತೀಯ ಹಾಗೂ ಪೌರ್ವಾತ್ಯ ವಾಸ್ತುವಿನ ಇತಿಹಾಸ ಹೊರಬಂದಿತು. ಅದರಲ್ಲಿ ಅವನು ಶೈಲಿಗಳನ್ನು ಜನಾಂಗಗಳೊಡನೆ ಗಂಟುಹಾಕಿ, ಉತ್ತರದ ಇಂಡೋ-ಆರ್ಯನ್ ಶೈಲಿಗೂ ದಕ್ಷಿಣದ ದ್ರಾವಿಡ ಶೈಲಿಗೂ ನಡುವೆ ‘ಚಾಲುಕ್ಯ ಶೈಲಿ’ಯನ್ನಿರಿಸಿದನು. ಭಾರತೀಯ ಶಿಲ್ಪದ ಕಥೆಯು ಬೌದ್ಧರ ಕಾಲದಿಂದ ಇಳಿಮುಖವಾಗಿ ಬಂದ ಅವನತಿಯ ಕಥೆಯೆಂದು ಅವನ ಅಭಿಪ್ರಾಯ. ಹಳೇಬೀಡನ್ನು ಅವನು ಮೆಚ್ಚಿದನು. ಆದರೆ ಆ ಮೆಚ್ಚುಗೆಯೂ ಗ್ರೀಸಿನ ಪಾರ್ಥೆನಾನ್ ದೇವಾಲಯವನ್ನು ಒಂದು ತುದಿಯಲ್ಲಿಟ್ಟು, ಹಳೇಬೀಡನ್ನು ಅದಕ್ಕೆ ನೇರ ವಿರುದ್ಧವಾದ ಇನ್ನೊಂದು ತುದಿಯಲ್ಲಿಟ್ಟು ಮಾಡಿದ ಮೆಚ್ಚುಗೆ. ಒಂದು ಕಡೆ ಬುದ್ಧಿಯ ನಿಯಮ, ಇನ್ನೊಂದು ಕಡೆ ಕಲ್ಪನೆಯ ಅತಿಶಯ. ಹೀಗೆ ಅಲಂಕಾರದ ಸಮೃದ್ಧಿಯೇ ಹೊಯ್ಸಳ ಕಲೆಯ ಲಕ್ಷಣವೆಂಬ ಮಾತು ಸ್ಥಿರವಾಯಿತು. ಅದನ್ನು ದೋಷವೆಂದವರೂ ಗುಣವೆಂದವರೂ ಲಕ್ಷಣವನ್ನು ಮಾತ್ರ ಪ್ರಶ್ನಿಸಲಿಲ್ಲ. ಹರಿಹರದ ದೇವಾಲಯದಲ್ಲಿ ಭಿತ್ತಿಯ ಅಲಂಕಾರ ವಿರಳ. ಅದರ ಸೊಬಗಿರುವುದು ವಿಶಾಲವಾದ ತೆರೆದ ಮಂಟಪದಲ್ಲಿ, ಕಂಬಗಳ ಸಾಲಿನಲ್ಲಿ, ಬೆಳಕು ಒಳಕ್ಕೆ ಹೋದಂತೆ ತಗ್ಗುತ್ತ ಗರ್ಭಗೃಹದ ಕತ್ತಲೆಯನ್ನು ಮುಟ್ಟುವ ಬಗೆಯಲ್ಲಿ. ಆದ್ದರಿಂದಲೇ ಅದು ಅಂಚಿಗೆ ಸರಿಯಿತು.

ಇದಕ್ಕೆ ಇದಿರಾಗಿ, ಕಟ್ಟಿದವರೂ ಕಟ್ಟಿಸಿದವರೂ ತಮ್ಮ ಕೆಲಸವನ್ನು ಏನೆಂದು ಕರೆದರು ಎಂದು ಕೇಳಿದರೆ ಉತ್ತರವು ಕಲ್ಲಿನ ಮೇಲೆಯೇ ಇದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಎಂಟನೆಯ ಶತಮಾನದಷ್ಟು ಹಿಂದೆಯೇ ತೆಂಕಣ ದಿಕ್ಕಿನ ಸೂತ್ರಧಾರಿಯೊಬ್ಬನನ್ನು ಹೆಸರಿಸಿವೆ. ದಕ್ಷಿಣದ ಪದ್ಧತಿ ಎಂಬ ಭೇದದ ಅರಿವು ಅಂದಿಗೇ ಇತ್ತೆಂಬುದಕ್ಕೆ ಇದು ಪ್ರಮಾಣ. ಹಡಗಲಿ ಸೀಮೆಯ ಹೊಳಲಿನ ಶಾಸನವು ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜನನ್ನು ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳನ್ನು ಬಲ್ಲವನೆಂದು ಕೊಂಡಾಡುತ್ತದೆ. ಇಟಗಿಯ 1112ರ ಶಾಸನವು ಅಲ್ಲಿಯ ಮಹಾದೇವ ದೇವಾಲಯವನ್ನು ದೇವಾಲಯಗಳಲ್ಲಿ ಚಕ್ರವರ್ತಿಯೆನ್ನುತ್ತದೆ. ಹಾಗಾದರೆ ವರ್ಗೀಕರಣವೂ ತಾರತಮ್ಯದ ವಿವೇಚನೆಯೂ ಕನ್ನಡನಾಡಿನಲ್ಲಿ ಇದ್ದವು. ಅವು ಜನಾಂಗದ ಮೇಲೆ ನಿಂತವಲ್ಲ, ರಚನೆಯ ಮೇಲೆ ನಿಂತವು. ಒಬ್ಬನೇ ಆಚಾರಿ ನಾಲ್ಕು ಪದ್ಧತಿಗಳನ್ನೂ ಬಲ್ಲನೆಂದ ಮೇಲೆ ಶೈಲಿಯು ರಕ್ತದ ಗುಣವೆಂಬ ವಾದಕ್ಕೆ ನೆಲೆಯೆಲ್ಲಿ? ಎಂ. ಎ. ಢಾಕಿಯವರು 1977ರಲ್ಲಿ ಕರ್ಣಾಟಕದ ಶಾಸನಗಳಲ್ಲಿ ಬರುವ ದೇವಾಲಯರೂಪಗಳನ್ನು ಕುರಿತು ಪ್ರಕಟಿಸಿದ ಗ್ರಂಥವೂ, ಆಂಗ್ಲ ವಿದ್ವಾಂಸ ಆಡಂ ಹಾರ್ಡಿ 1995ರಲ್ಲಿ ‘ಕರ್ಣಾಟ ದ್ರಾವಿಡ’ ಪರಂಪರೆಯನ್ನು ಕುರಿತು ಬರೆದುದೂ ಈ ದಿಕ್ಕಿನಲ್ಲಿ ನಡೆದ ಪ್ರಯತ್ನಗಳು. ತಿದ್ದುಪಡಿಯು ಎರಡೂ ಕಡೆಯಿಂದ ಬಂದಿದೆ ಎಂಬುದು ಗಮನಾರ್ಹ.

ಫರ್ಗುಸನ್ನನ ಹಳಿಕೆಗೆ ಉತ್ತರವಾಗಿ ಬಂದ ಹೊಗಳಿಕೆಯೂ ಇದೇ ಪರೀಕ್ಷೆಗೆ ಗುರಿಯಾಗಬೇಕು. ಹ್ಯಾವೆಲ್ 1908ರಲ್ಲಿಯೂ ಅನಂತರ ಆನಂದ ಕುಮಾರಸ್ವಾಮಿಯವರೂ ಭಾರತೀಯ ಕಲೆಯ ಪಕ್ಷವನ್ನು ವಹಿಸಿ, ಅದರ ಜೀವಾಳ ಆಧ್ಯಾತ್ಮಿಕತೆ ಎಂದು ವಾದಿಸಿದರು. ಅದರಿಂದ ನಮಗೆ ಮಹದುಪಕಾರವಾಯಿತು. ಆದರೆ ಹೆಸರನ್ನು ಬಯಸದೆ, ಅಹಂಕಾರವನ್ನು ನೀಗಿ ದುಡಿದ ಅಜ್ಞಾತ ಶಿಲ್ಪಿ ಎಂಬ ಚಿತ್ರವೂ ಅದರೊಡನೆ ಬೇರೂರಿತು. ಹೊಯ್ಸಳರ ಶಿಲ್ಪಿಗಳು ಈ ಚಿತ್ರಕ್ಕೆ ಒಪ್ಪುವವರಲ್ಲ. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ವಿಗ್ರಹಗಳ ಪೀಠಗಳನ್ನು ತಾಳ್ಮೆಯಿಂದ ಓದಿ ಶಿಲ್ಪಿಗಳ ಹೆಸರುಗಳ ಪಟ್ಟಿಯನ್ನೇ ಕೊಟ್ಟರು: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ನುಗ್ಗೇಹಳ್ಳಿಯಲ್ಲಿ ನಂದಿಯ ಬೈಚೋಜ; ಅಲ್ಲಿಯೂ ಸೋಮನಾಥಪುರದಲ್ಲಿಯೂ ಮಲ್ಲಿತಮ್ಮ. ಇವರಲ್ಲಿ ಕೆಲವರು ಎದುರಾಳಿ ಶಿಲ್ಪಿಗಳ ಗರ್ವವನ್ನು ಮುರಿದವರೆಂಬ ಬಿರುದುಗಳನ್ನು ಕನ್ನಡದಲ್ಲಿ ಕೆತ್ತಿಸಿಕೊಂಡಿದ್ದಾರೆ. ಮಲ್ಲಿತಮ್ಮನು ಬರಿಯ ಹೆಸರಿನಲ್ಲಿಯೇ ತೃಪ್ತ. ಇವರು ಊರುಂಟು, ಕುಲವೃತ್ತಿಯುಂಟು, ಸ್ಪರ್ಧೆಯುಂಟು ಎಂಬಂಥ ಜೀವಂತ ಮನುಷ್ಯರು. ಹಳಿದವನು ಇವರನ್ನು ಕಾಣಲಿಲ್ಲ, ಹೊಗಳಿದವರೂ ಕಾಣಲಿಲ್ಲ.

4

ಪಾಶ್ಚಾತ್ಯ ವಿದ್ಯೆಯ ಇನ್ನೊಂದು ಪ್ರಭಾವವು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳತಕ್ಕದ್ದಲ್ಲ. ಅದು ಆಡಳಿತದ ಎಲ್ಲೆಯು ವಿದ್ಯೆಯ ಎಲ್ಲೆಯಾದ ಬಗೆ. 1956ರ ಏಕೀಕರಣಕ್ಕೆ ಮುನ್ನ ಹರಿಹರವು ಮೈಸೂರು ಸಂಸ್ಥಾನದ ಗಡಿಯೂರು. ಹೊಳೆಯಾಚೆಯ ರಾಣೆಬೆನ್ನೂರು ಸೀಮೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹೊಳೆಯ ಕೆಳಗಣ ಹರಪನಹಳ್ಳಿ, ಹಡಗಲಿಗಳು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ. ಪರಿಣಾಮವಾಗಿ ಹರಿಹರದ ಶಾಸನಗಳು ರೈಸರ ಹನ್ನೊಂದನೆಯ ಸಂಪುಟದಲ್ಲಿ ದಾವಣಗೆರೆ ತಾಲ್ಲೂಕಿನ ಕೆಳಗೆ ಬಂದವು. ಆಚೆ ದಡದ ಅರಸರ ಚರಿತ್ರೆ ಫ್ಲೀಟನ ಗ್ರಂಥಕ್ಕೆ ಹೋಯಿತು. ಹೊಳಲಿನ ಶಾಸನ ಮದರಾಸಿನ ವರದಿಯ ಪಾಲಾಯಿತು. ಒಂದೇ ಹೊಳೆಯ ನೀರು ಕುಡಿದ, ಒಂದೇ ಆಚಾರಿಗಳ ಪರಂಪರೆಯಲ್ಲಿ ಬೆಳೆದ ಊರುಗಳು ಮೂರು ಗ್ರಂಥಮಾಲೆಗಳಲ್ಲಿ ಹಂಚಿಹೋದವು.

ಈ ಹಂಚಿಕೆ ಗ್ರಂಥಗಳ ಕಪಾಟಿನಲ್ಲಿಯೇ ಉಳಿಯಲಿಲ್ಲ. ‘ಮೈಸೂರಿನ ಹೊಯ್ಸಳರು’, ‘ಧಾರವಾಡದ ಚಾಲುಕ್ಯರು’ ಎಂದು ಅರಸುಮನೆತನಗಳನ್ನೇ ಆಧಿಪತ್ಯಗಳಿಗೆ ಹಂಚಿಕೊಡುವ ರೂಢಿ ಬೆಳೆಯಿತು. ಹರಿಹರದ ದೇವಾಲಯವು ಕಟ್ಟಿಸಿದವರ ದೃಷ್ಟಿಯಿಂದ ಹೊಯ್ಸಳರದಾದರೂ, ಭಿತ್ತಿಯ ಸರಳತೆಯಲ್ಲಿಯೂ ಮಂಟಪದ ವಿನ್ಯಾಸದಲ್ಲಿಯೂ ಉತ್ತರದ ಕಲ್ಯಾಣಚಾಲುಕ್ಯರ ಕಾಲದ ದೇವಾಲಯಗಳಿಗೆ ಹತ್ತಿರದ್ದು. ಅರಸನ ಹೆಸರಿನ ಪಟ್ಟಿಯಲ್ಲಿ ಅದು ಒಂದು ಕಡೆ ನಿಲ್ಲುತ್ತದೆ, ಆಚಾರಿಯ ಕೈಯನ್ನು ನೋಡಿದರೆ ಇನ್ನೊಂದು ಕಡೆ. ಇಂಥ ಗಡಿಯ ದೇವಾಲಯಗಳೇ ನಮ್ಮ ವರ್ಗೀಕರಣದ ದೌರ್ಬಲ್ಯವನ್ನು ತೋರಿಸಿಕೊಡುವಂಥವು; ಆದ್ದರಿಂದಲೇ ಪಠ್ಯಪುಸ್ತಕಗಳು ಅವುಗಳನ್ನು ಬಿಟ್ಟು ಮುಂದೆ ಹೋಗುತ್ತವೆ.

ರಾಜವಂಶಗಳ ಕ್ರಮದಲ್ಲಿಯೇ ಇತಿಹಾಸವನ್ನು ಬರೆಯುವ ಪದ್ಧತಿಯಿಂದ ಬಿಟ್ಟುಹೋದದ್ದು ಇನ್ನೂ ಹೆಚ್ಚು. ಇದಕ್ಕೂ ಹರಿಹರವೇ ಸಾಕ್ಷಿ. ಒಂದನೆಯ ದೇವರಾಯನ ಕಾಲದ 1410ರ ಶಾಸನವೊಂದು ಹರಿದ್ರಾ ನದಿಗೆ ಅಣೆಕಟ್ಟೆಯನ್ನು ಕಟ್ಟಿ ಕಾಲುವೆ ತೆಗೆದ ಸಂಗತಿಯನ್ನು ಹೇಳುತ್ತದೆ. ಕಟ್ಟಿದವರು ಬ್ರಾಹ್ಮಣರು, ಕಾಲುವೆ ಹಾಯ್ದದ್ದು ಹರಿಹರದೇವರ ಭೂಮಿಯಲ್ಲಿ. ಆದ್ದರಿಂದ ನೀರಾವರಿಗೆ ಒಳಪಟ್ಟ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಬ್ರಾಹ್ಮಣರಿಗೆ ಎಂದು ಒಪ್ಪಂದವಾಯಿತು. 1424ರ ಇನ್ನೊಂದು ಶಾಸನದಿಂದ ಆ ಕಟ್ಟೆ ಒಡೆದುಹೋದುದೂ ಚಾಮನೃಪನ ನೆರವಿನಿಂದ ಅದು ದುರಸ್ತಿಯಾದುದೂ ತಿಳಿಯುತ್ತದೆ. ರಾಜವಂಶದ ಚರಿತ್ರೆಕಾರನಿಗೆ ಈ ಶಾಸನಗಳಿಂದ ಬೇಕಾದದ್ದು ಅರಸನ ಹೆಸರು ಮತ್ತು ತೇದಿ. ಅವೆರಡು ಸಿಕ್ಕೊಡನೆ ಶಾಸನವನ್ನು ಮುಚ್ಚಿಟ್ಟನು. ಭದ್ರಾ ನಾಲೆಯ ನೀರಿನಿಂದ ಬದುಕುವ ದಾವಣಗೆರೆ ಸೀಮೆಯ ವಿದ್ಯಾರ್ಥಿಗೆ, ಆರು ಶತಮಾನಗಳ ಹಿಂದೆ ಇದೇ ನೆಲದಲ್ಲಿ ಕಟ್ಟೆಯ ಖರ್ಚನ್ನೂ ನೀರಿನ ಲಾಭವನ್ನೂ ಹೇಗೆ ಹಂಚಿಕೊಂಡರೆಂಬ ಸಂಗತಿ ದೇವರಾಯನ ಪಟ್ಟಾಭಿಷೇಕದ ವರ್ಷಕ್ಕಿಂತ ಕಡಮೆಯದೆ?

5

ದೇವರಾಯನ ಹೆಸರು ಬಂದುದರಿಂದ ವಿಜಯನಗರದ ವಿಷಯಕ್ಕೆ ಬರೋಣ. ಪಾಶ್ಚಾತ್ಯ ನೋಟವು ನಮ್ಮ ಅಭಿಮಾನದ ಆಕಾರವನ್ನೇ ನಿರ್ಣಯಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರವನ್ನು ಕುರಿತ ತನ್ನ ಗ್ರಂಥಕ್ಕೆ ‘ಮರೆತುಹೋದ ಸಾಮ್ರಾಜ್ಯ’ ಎಂಬರ್ಥದ ಹೆಸರನ್ನಿಟ್ಟನು. ಪಾಯೆಸ್ ಮತ್ತು ನ್ಯೂನಿಜ್ ಎಂಬ ಪೋರ್ಚುಗೀಸರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದುದು ಅವನ ದೊಡ್ಡ ಉಪಕಾರ. ಆದರೆ ಆ ಹೆಸರು ಮರ್ಮಕ್ಕೆ ತಾಗಿತು. 1905ರಲ್ಲಿ ಬೆಂಗಳೂರಿನ ಬಿ. ಸೂರ್ಯನಾರಾಯಣ ರಾಯರು ವಿಜಯನಗರದ ಇತಿಹಾಸವನ್ನು ಬರೆದು, ‘ಎಂದೆಂದಿಗೂ ಮರೆಯಬಾರದ ಸಾಮ್ರಾಜ್ಯ’ ಎಂಬರ್ಥ ಬರುವಂತೆ ಅದಕ್ಕೆ ಹೆಸರಿಟ್ಟರು. ಅದೇ ವರ್ಷ ಹಂಪೆಯನ್ನು ಕಂಡ ಆಲೂರ ವೆಂಕಟರಾಯರ ಮನಸ್ಸಿನಲ್ಲಿ ಮೊಳೆತ ಭಾವ 1917ರಲ್ಲಿ ‘ಕರ್ಣಾಟಕ ಗತವೈಭವ’ವಾಗಿ ಪ್ರಕಟವಾಯಿತು. 1936ರಲ್ಲಿ ಧಾರವಾಡದಿಂದ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕ ಸಂಪುಟ ಹೊರಬಂದಿತು. ಕನ್ನಡಿಗರ ಏಕೀಕರಣಕ್ಕೆ ಈ ಗ್ರಂಥಗಳು ಕೊಟ್ಟ ಚೈತನ್ಯ ಅಪಾರವಾದುದು. ಅವುಗಳ ಮುಂದೆ ತಲೆಬಾಗಿಯೇ ನಾವು ಒಂದು ಪ್ರಶ್ನೆಯನ್ನು ಕೇಳುತ್ತೇವೆ: ವಿಜಯನಗರವನ್ನು ಮರೆತವರು ಯಾರು?

ವಿರೂಪಾಕ್ಷನ ಪೂಜೆ ಹಂಪೆಯಲ್ಲಿ ನಡೆದೇ ಬಂದಿತು. ರಥೋತ್ಸವಕ್ಕೆ ಸುತ್ತಿನ ಸೀಮೆಯ ಜನ ಬರುತ್ತಲೇ ಇದ್ದರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಪಡೆದ ರಾಜ ಒಡೆಯರು ಅಲ್ಲಿ ಮಹಾನವಮಿಯ ಉತ್ಸವವನ್ನು ಮುಂದುವರಿಸಿದರು. ಮೈಸೂರಿನ ದಸರೆ ಅದರ ಸಂತಾನ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿ ನಾಯಕರ ಅಧಿಕಾರಕ್ಕೆ ಮೂಲ ವಿಜಯನಗರವೇ. ಮೆಕೆಂಜಿ ಕೂಡಿಸಿದ ಕೈಫಿಯತ್ತುಗಳಲ್ಲಿ ರಾಯರ ಕಾಲದ ಮಾತು ಮತ್ತೆ ಮತ್ತೆ ಬರುತ್ತದೆ. ವಿಜಯನಗರವನ್ನು ಮರೆತಿದ್ದದ್ದು ಸೀವೆಲ್ ಬರೆದ ಭಾಷೆಯ ಓದುಗರು, ಮತ್ತು ಆ ಭಾಷೆಯಲ್ಲಿ ಇತಿಹಾಸ ಕಲಿತ ನಮ್ಮ ವಿದ್ಯಾವಂತರು. ತಮ್ಮ ಮರೆವನ್ನು ಅವರು ಇಡೀ ನಾಡಿನ ಮರೆವೆಂದು ಬಗೆದರು. ಮರೆಯಬಾರದೆಂದು ಉತ್ತರಕೊಟ್ಟವರೂ ಮರೆತಿದೆ ಎಂಬ ಮಾತನ್ನು ಒಪ್ಪಿಯೇ ಉತ್ತರಕೊಟ್ಟರು. ‘ಗತವೈಭವ’ ಎಂಬ ಮಾತಿನಲ್ಲಿ ‘ವೈಭವ’ ನಮ್ಮದು. ‘ಗತ’ ಎಂಬುದರಲ್ಲಿ ಅರ್ಧಭಾಗವಾದರೂ ಎರವಲು.

ಸೀವೆಲ್‌ನಿಂದ ಬಂದ ಇನ್ನೊಂದು ಬಳುವಳಿ, ವಿಜಯನಗರವು ಮುಸಲ್ಮಾನರ ವಿರುದ್ಧ ಹಿಂದೂಗಳು ಕಟ್ಟಿದ ಕೋಟೆ ಎಂಬ ನಿರೂಪಣೆ. ಬಹಮನಿ ಅರಸರೊಡನೆ, ಅನಂತರದ ಸುಲ್ತಾನರೊಡನೆ ನಡೆದ ಘೋರ ಯುದ್ಧಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಅರಸರು ತಮ್ಮನ್ನು ‘ಹಿಂದೂರಾಯ ಸುರತ್ರಾಣ’ ಎಂದು ಕರೆದುಕೊಂಡರು. ‘ಸುರತ್ರಾಣ’ವೆಂದರೆ ಸುಲ್ತಾನನೇ. ಎದುರಾಳಿಯ ಬಿರುದನ್ನು ತನ್ನ ಬಿರುದಾಗಿ ಧರಿಸುವವನು ಕೇವಲ ಎದುರಾಳಿಯಾಗಿರಲಾರ. 1439ರಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್‌ಖಾನನು ಹಂಪೆಯಲ್ಲಿ ಮಸೀದಿಯನ್ನು ಕಟ್ಟಿಸಿ, ಅದನ್ನು ಧರ್ಮಶಾಲೆಯೆಂದು ಕನ್ನಡದಲ್ಲಿ ಶಾಸನ ಹಾಕಿಸಿದನು. ಅದರ ಪುಣ್ಯವನ್ನು ದೇವರಾಯನಿಗೆ ಅರ್ಪಿಸಿದನು. ಕೋಟೆಯ ನಿರೂಪಣೆಯಲ್ಲಿ ಈ ಶಾಸನಕ್ಕೆ ಎಡೆಯೆಲ್ಲಿ?

6

ಮತದ ಹೆಸರಿನಲ್ಲಿಯೇ ಎಲ್ಲವನ್ನೂ ವಿಂಗಡಿಸುವ ಈ ಅಭ್ಯಾಸ ಸಾಹಿತ್ಯದ ಇತಿಹಾಸಕ್ಕೂ ಹಬ್ಬಿತು. ಇ. ಪಿ. ರೈಸ್ 1915ರಲ್ಲಿ ಬರೆದ ಕನ್ನಡ ಸಾಹಿತ್ಯದ ಇತಿಹಾಸವು ಜೈನ, ಲಿಂಗಾಯತ, ವೈಷ್ಣವ ಎಂಬ ಕ್ರಮದಲ್ಲಿ ನಡೆಯುತ್ತದೆ. ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗ ಎಂಬ ಮಾತುಗಳು ನಮ್ಮ ತರಗತಿಗಳಲ್ಲಿ ಬಹುಕಾಲ ನಿಂತವು. ರಂ. ಶ್ರೀ. ಮುಗಳಿಯವರು 1953ರಲ್ಲಿ ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಕವಿ ಹಾಗೂ ಶರಣರ ಹೆಸರುಗಳಿಂದ ವಿಂಗಡಿಸಿದ್ದು ಈ ಕಟ್ಟಿನಿಂದ ಬಿಡಿಸಿಕೊಳ್ಳುವ ಯತ್ನವಾಗಿತ್ತು. ಮತದ ಹೆಸರು ಅಪ್ರಸ್ತುತವೆಂದಲ್ಲ. ಆದರೆ ಜೈನಕವಿಯೆಂದು ನಾವು ಪಟ್ಟಿಯಲ್ಲಿ ಸೇರಿಸುವ ಜನ್ನನು ತರೀಕೆರೆ ಸೀಮೆಯ ಅಮೃತಾಪುರದ ಶಿವಾಲಯಕ್ಕೆ 1196ರಲ್ಲಿ ಶಾಸನವನ್ನು ರಚಿಸಿಕೊಟ್ಟವನು. ಯುಗದ ಹೆಸರು ಈ ಸಂಗತಿಯನ್ನು ಕಾಣಗೊಡುವುದಿಲ್ಲ.

ಹರಿಹರದ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಹರರು ಒಂದೇ ಎಂಬ ವೇದದ ಮಾತನ್ನು ಸ್ಥಾಪಿಸಲೆಂದು ಶಿವನು ವಿಷ್ಣುವಿನ ರೂಪವನ್ನೂ ವಿಷ್ಣು ಶಿವನ ರೂಪವನ್ನೂ ತಾಳಿದರೆಂದು ಅಲ್ಲಿಯ ಶಾಸನದ ಆಶಯ. ಇದನ್ನು ಓದಿದ ಕೂಡಲೆ ‘ಸಮನ್ವಯ’ ಎಂಬ ಸಿದ್ಧವಾದ ಮಾತನ್ನು ಅಂಟಿಸಿ ಮುಂದೆ ಹೋಗುವುದು ಸುಲಭ. ಆದರೆ ಒಂದು ಮಾಡಬೇಕಾದ ಅಗತ್ಯವೇ ಬೇರೆತನದ ಜಗಳ ಇತ್ತೆಂಬುದಕ್ಕೆ ಗುರುತು. ಶಾಸನವು ಜಗಳವನ್ನು ಮುಚ್ಚಿಡುವುದಿಲ್ಲ, ಜಗಳವೇ ನಮ್ಮ ಸ್ವರೂಪವೆಂದೂ ಹೇಳುವುದಿಲ್ಲ. ನಿತ್ಯ ವಿರೋಧ ಅಥವಾ ನಿತ್ಯ ಸಾಮರಸ್ಯ ಎಂಬ ಎರಡು ತುದಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಬಲವಂತ ಆ ಕಲ್ಲಿಗೆ ಇರಲಿಲ್ಲ. ಅದು ನಮಗೆ ಅನಂತರ ಬಂದದ್ದು.

7

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಶಾಸನಗಳು ಮಾತ್ರ ನಿಷ್ಪಕ್ಷಪಾತವಾದುವೇ ಎಂಬುದು ಮೊದಲನೆಯದು. ಖಂಡಿತ ಅಲ್ಲ. ಅವು ದಾನಕೊಟ್ಟವರ, ದಾನಪಡೆದವರ ಮಾತು. ಪ್ರಶಸ್ತಿಯ ಅತ್ಯುಕ್ತಿ ಅವುಗಳಲ್ಲಿ ತುಂಬಿದೆ. ಹರಿದ್ರೆಯ ಕಟ್ಟೆಗೆ ಕಲ್ಲು ಹೊತ್ತವರ ಪಾಲೆಷ್ಟೆಂದು ಶಾಸನ ಹೇಳುವುದಿಲ್ಲ. ಆದರೆ ಅವುಗಳ ಪಕ್ಷಪಾತ ಅಂದಿನದು, ಇಲ್ಲಿಯದು. ಅದನ್ನು ಅರಿಯುವುದೂ ಇತಿಹಾಸವೇ. ಪಾಶ್ಚಾತ್ಯರ ಗ್ರಂಥಗಳನ್ನು ಬದಿಗಿಟ್ಟರೆ ಸಾಲದೆ ಎಂಬುದು ಎರಡನೆಯದು. ಸಾಲದು ಮಾತ್ರವಲ್ಲ, ಅದು ಆತ್ಮಘಾತ. ಫರ್ಗುಸನ್ನನನ್ನು ತಿದ್ದಲು ಬೇಕಾದ ಪಟ್ಟದಕಲ್ಲಿನ ಶಾಸನಗಳನ್ನು ಪ್ರಕಟಿಸಿದವನು ಫ್ಲೀಟ್. ರಾಜವಂಶಗಳ ಆಚೆಗೆ ನೋಡಲು ಬೇಕಾದ ಹರಿಹರದ ಶಾಸನಗಳನ್ನು ಅಚ್ಚುಹಾಕಿಸಿದವರು ರೈಸ್. ಔಷಧಿಯನ್ನೂ ಅವರೇ ಕೂಡಿಟ್ಟುಹೋದರು. ಅದನ್ನು ಅರೆದು ಕುಡಿಯುವ ಕೆಲಸ ನಮ್ಮದಾಗಿತ್ತು.

ಆದ್ದರಿಂದ ನಾವು ಹೇಳುವುದಿಷ್ಟೆ. ಪಾಶ್ಚಾತ್ಯ ಪ್ರಾಚ್ಯವಿದ್ಯೆಯಿಂದ ಕರ್ಣಾಟಕಕ್ಕೆ ಆದ ಹಾನಿ ಅದು ಮಾಡಿದ ನಿಂದೆಯಿಂದ ಆದುದಲ್ಲ. ನಿಂದೆಗೆ ಉತ್ತರವನ್ನು ನಾವು ಬಹುಬೇಗ ಕಂಡುಕೊಂಡೆವು. ಹಾನಿಯಾದದ್ದು ಅದರ ಪ್ರಶ್ನೆಗಳನ್ನು ನಮ್ಮ ಪ್ರಶ್ನೆಗಳೆಂದು ಸ್ವೀಕರಿಸಿದ್ದರಿಂದ. ಅವನತಿ ಎಂದವನಿಗೆ ವೈಭವ ಎಂದೆವು, ಮರೆತದ್ದು ಎಂದವನಿಗೆ ಮರೆಯಬಾರದ್ದು ಎಂದೆವು, ಅತಿಯಾದ ಅಲಂಕಾರ ಎಂದವನಿಗೆ ಅನುಪಮ ಅಲಂಕಾರ ಎಂದೆವು. ಉತ್ತರ ಬದಲಾಯಿತು, ಪ್ರಶ್ನೆ ಹಾಗೆಯೇ ಉಳಿಯಿತು. ಜಪಾನಿನ ಕಣ್ಣೋನ್ ವಿಗ್ರಹಕ್ಕೂ ಹೊಯ್ಸಳರ ಭಿತ್ತಿಶಿಲ್ಪಕ್ಕೂ ಬಂದ ಗತಿ ಈ ಅಂಶದಲ್ಲಿ ಒಂದೇ.

ಕಾಲೇಜಿನ ಅಧ್ಯಾಪಕರು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ದೊಡ್ಡ ಸಿದ್ಧಾಂತವನ್ನು ಬಯಸುವುದಿಲ್ಲ. ತಮ್ಮ ತಾಲ್ಲೂಕಿನ ಒಂದು ಶಾಸನವನ್ನು ಮೂಲದಲ್ಲಿ, ಅನುವಾದದ ಆಸರೆಯಿಲ್ಲದೆ, ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಗಳೊಡನೆ ಓದಲಿ. ಅರಸನ ಹೆಸರಿನಲ್ಲಿ ನಿಲ್ಲದೆ ಎಲ್ಲೆಕಲ್ಲು, ಗದ್ದೆ, ಕಟ್ಟೆ, ಕಾಲುವೆ, ಬರೆದವನ ಹೆಸರು, ಕೆತ್ತಿದವನ ಹೆಸರು ಇವುಗಳವರೆಗೆ ಹೋಗಲಿ. ಹೊಳೆಯಾಚೆಯ ಊರಿನ ಶಾಸನವನ್ನು ಈಚೆಯದರ ಪಕ್ಕದಲ್ಲಿಟ್ಟು ನೋಡಲಿ. ಅನಂತರ ಫರ್ಗುಸನ್ನನನ್ನೂ ಸೀವೆಲ್‌ನನ್ನೂ ಓದಲಿ. ಓದಿದಾಗ ಆ ಪಂಡಿತರು ಗುರುಗಳಾಗಿಯೂ ಕಾಣರು, ವೈರಿಗಳಾಗಿಯೂ ಕಾಣರು. ತಮ್ಮ ಕಾಲದ ಪ್ರಶ್ನೆಗಳನ್ನು ಹೊತ್ತು ನಮ್ಮ ನಾಡಿಗೆ ಬಂದ ಶ್ರಮಜೀವಿಗಳಾಗಿ ಕಾಣುವರು. ನಮ್ಮ ಕಾಲದ ಪ್ರಶ್ನೆಗಳನ್ನು ಕೇಳುವ ಹೊಣೆ ನಮ್ಮದು.